ಹನ್ನೆರಡು ಬಾಟಲಿಯ ಮೇಲೊಂದು ಕಲ್ಲುಗುಡ್ಡೆ

ಕೊರಾಲ್ ಬ್ಲಾಂಕೋ ಊರಿನ ಏರುದಾರಿ ಮುಗಿಯುವ ತಿರುವಿನಲ್ಲಿ ಎರಡಾಳೆತ್ತರದ ಒಂದು ಕಲ್ಲುಗುಡ್ಡೆ ಇದೆ. ಅಲ್ಲಿ ಬಸ್ಸು ನಿಲ್ಲುತ್ತದೆ, ಲಾರಿ ನಿಲ್ಲುತ್ತದೆ. ಹೋದ ವರ್ಷ ಒಂದು ಆಂಬುಲೆನ್ಸೂ ನಿಂತಿತ್ತು. ಡ್ರೈವರು ಕಲ್ಲಿಟ್ಟ, ನರ್ಸು ಕಲ್ಲಿಟ್ಟಳು, ಕೊನೆಗೆ ರೋಗಿಯೂ ಇಳಿದು ಒಂದು ಕಲ್ಲಿಟ್ಟು ಅಲ್ಲಿಂದ ಮನೆಗೆ ನಡೆದೇ ಹೋದನಂತೆ. ಖಾಲಿ ಆಂಬುಲೆನ್ಸನ್ನು ಆಸ್ಪತ್ರೆಯವರು ಹೇಗೆ ದಾಖಲು ಮಾಡಿಕೊಂಡರೋ ಗೊತ್ತಿಲ್ಲ.

ಈ ಬೆಟ್ಟಗಳ ಎಲ್ಲ ಏರುದಾರಿಯಲ್ಲೂ ಇರುವ ಪದ್ಧತಿ ಇಷ್ಟೇ. ಏರು ಹತ್ತಿ ಬಂದವರು ದಾರಿಯಲ್ಲಿ ಒಂದು ಕಲ್ಲು ಆರಿಸಿಕೊಂಡು ತಂದು ಗುಡ್ಡೆಗೆ ಸೇರಿಸಬೇಕು, ಜಗಿದ ಕೋಕಾ ಎಲೆಯನ್ನು ಕಲ್ಲಿನ ಸಂದಿಗೆ ಸಿಕ್ಕಿಸಬೇಕು, ಶೀಷೆಯಲ್ಲಿದ್ದದ್ದನ್ನು ಭೂಮಿತಾಯಿಗೆ ಒಂದು ಗುಟುಕು ಚೆಲ್ಲಿ ತಾವು ನಾಲ್ಕು ಗುಟುಕು ಕುಡಿಯಬೇಕು. "ತಾಯಿ, ನನ್ನ ಸುಸ್ತು ಇಲ್ಲೇ ಇರ್ಲಿ" ಅನ್ನಬೇಕು. ಸುಸ್ತು ಅಲ್ಲೇ ಇರುತ್ತದೆ. ಅಲ್ಲಿಟ್ಟ ಕಲ್ಲನ್ನು ಯಾರಾದರೂ ತೆಗೆದರೆ ಆ ಸುಸ್ತು ಅವರ ಮೈಗೆ ಹತ್ತುತ್ತದೆ. ಹಾಗಾಗಿ ಯಾರೂ ತೆಗೆಯುವುದಿಲ್ಲ.

ಈ ಗುಡ್ಡೆ ಹನ್ನೊಂದು ವರ್ಷದ ಹಿಂದೆ ಇರಲಿಲ್ಲ ಅನ್ನುವುದು ಊರಿಗೆಲ್ಲ ಗೊತ್ತಿತ್ತು. ಮುನಿಸಿಪಾಲಿಟಿಯವರು ಅಲ್ಲಿ 'ಪುರಾತನ' ಅಂತ ಬೋರ್ಡು ಹಾಕಿದ ಮೇಲೆ ಎಲ್ಲರೂ ಮರೆತರು. ಮರೆಯಲು ಆಗದವನು ನಿಕಾಸಿಯೋ ಗುವಾಂತಾಯ್ ಒಬ್ಬನೇ. ಯಾಕೆಂದರೆ ಮೊದಲ ಮೂರು ಕಲ್ಲು ಇಟ್ಟವನು ಅವನು, ಮತ್ತು ಇಟ್ಟದ್ದು ಭಕ್ತಿಯಿಂದ ಅಲ್ಲ.

ಆಗ ಆದದ್ದು ಹೀಗೆ. ನಿಕಾಸಿಯೋ ಒಂದು ಮೇಕೆ ಮಾರಿ, ಮಗಳು ದೆಲ್ಮಿರಾಗೆ ಶೂ ತರಲು ದೋನ್ ಸೆಫೆರಿನೋನ ಅಂಗಡಿಗೆ ಹೋಗಿದ್ದ. ಟೈರು ಪಂಕ್ಚರಾದ ಕಾರಿನಿಂದ ಇಳಿದು ಬಂದ ಟೈ ಕಟ್ಟಿದ ಮನುಷ್ಯನೊಬ್ಬ ಅಲ್ಲಿ ಮೂಲೆಯಲ್ಲಿದ್ದ ಬಾಟಲಿಗಳನ್ನು ನೋಡಿ ನಿಂತುಬಿಟ್ಟ.

"ಇದನ್ನ ಯಾಕೆ ಸೀಮೆಎಣ್ಣೆ ಡಬ್ಬದ ಪಕ್ಕ ಇಟ್ಟಿದೀರಿ?"

"ಬರೀ ಹದಿನೆಂಟು ಪೆಸೋ ಸ್ವಾಮಿ ಅದು. ಇನ್ನೆಲ್ಲಿಡ್ಲಿ, ಚರ್ಚಿನಲ್ಲಾ?" ಅಂದ ಸೆಫೆರಿನೋ.

"ಮೂರು ದ್ರಾಕ್ಷಿ ಬೆರೆಸಿದ ಕೆಂಪು ವೈನು ಕಣ್ರೀ ಇದು. ಮಾಲ್ಬೆಕ್, ಕಬೆರ್ನೆ, ತನ್ನಾತ್. ನಿಮ್ಮ ಈ ಎತ್ತರದಲ್ಲಿ ಹಗಲು ಬಿಸ್ಲು ಸುಡತ್ತೆ, ರಾತ್ರಿ ಚಳಿ ಕಚ್ಚತ್ತೆ, ಹಣ್ಣಿನ ಸಿಪ್ಪೆ ದಪ್ಪಗಾಗತ್ತೆ. ಈಗ್ಲೇ ಕುಡಿದ್ರೆ ನಾಲಿಗೆ ಹಿಡ್ಕೊಳತ್ತೆ. ಕತ್ತಲಲ್ಲಿ, ತಂಪಲ್ಲಿ, ಅಲುಗಾಡಿಸದೆ ಹತ್ತು ವರ್ಷ ಮಲಗಿಸಿ ನೋಡಿ. ಇದರ ಹತ್ತರಷ್ಟು ಬೆಲೆಯ ಬಾಟಲಿಗಳು ಇದರ ಮುಂದೆ ಕೈ ಕಟ್ಟಿ ನಿಲ್ತವೆ."

ಇಷ್ಟು ಹೇಳಿ ಅವನು ಒಂದು ಸೋಡಾ ಕುಡಿದು ಹೋದ. ಅದುವರೆಗೆ ಐದು ಲೀಟರಿನ ಗಾಜಿನ ಬುರುಡೆಯಿಂದ ಅಗ್ಗದ ವೈನು ಕುಡಿದು, ಬೆಳಗಿನ ವೈನು ಸಂಜೆಗೆ ಹಳೆಯದಾಯಿತು ಅಂದುಕೊಂಡಿದ್ದ ನಿಕಾಸಿಯೋ ಹನ್ನೆರಡು ಬಾಟಲಿಯ ರಟ್ಟಿನ ಪೆಟ್ಟಿಗೆ ಹೆಗಲ ಮೇಲಿಟ್ಟುಕೊಂಡು ಮನೆಗೆ ಬಂದ. ಹೆಂಡತಿ ಬೆನಿತಾ ಪೆಟ್ಟಿಗೆಯನ್ನೂ ಅವನನ್ನೂ ನೋಡಿದಳು.

"ಶೂ ತರ್ತೀನಿ ಅಂದಿದ್ದೆ. ಇದನ್ನ ಮಗು ಕಾಲಿಗೆ ಹಾಕ್ಕೋತದಾ?"

"ಇದು ಅವಳ ಮದುವೆಗೆ."

"ಅವಳಿಗಿನ್ನೂ ಒಂಬತ್ತು ವರ್ಷ, ನಿಕಾಸಿಯೋ."

"ಅದಕ್ಕೇ ಹೇಳಿದ್ದು. ಇಬ್ಬರಿಗೂ ಇನ್ನೂ ಟೈಮ್ ಬೇಕು."

ಎಲ್ಲಿ ಮಲಗಿಸುವುದು? ಮಾಡಿನ ಕೆಳಗೆ ಬಿಸಿ. ಮಂಚದ ಕೆಳಗೆ ತಂಪು, ಆದರೆ ಮಂಚದ ಮೇಲೆ ಮಲಗುವವನು ನಿಕಾಸಿಯೋನೇ, ಕೈ ಕೆಳಗೆ ಎಟುಕುತ್ತದೆ. ಅವನಿಗೆ ತನ್ನ ಕೈಯ ಪರಿಚಯ ಚೆನ್ನಾಗಿತ್ತು. ಹಿತ್ತಲಲ್ಲಿ ನಾಯಿ ಕೆರೆಯುತ್ತದೆ. ಕೊನೆಗೆ, ರಸ್ತೆ ಅಗಲ ಮಾಡುವಾಗ ಮಣ್ಣು ಸಡಿಲವಾಗಿದ್ದ ತಿರುವಿನಲ್ಲಿ ಎದೆಮಟ್ಟ ಗುಂಡಿ ತೋಡಿ ಪೆಟ್ಟಿಗೆ ಹೂತು, ಗುರುತಿಗೆ ಮೂರು ಕಲ್ಲು ಇಟ್ಟ. ಯಾರಿಗೂ ಜಾಗ ಹೇಳಲಿಲ್ಲ. ಗಾರೆ ಕೆಲಸದ ಎವರಿಸ್ತೋಗೆ ಮಾತ್ರ ಹೇಳಿದ. ಎವರಿಸ್ತೋ ದೆಲ್ಮಿರಾಳನ್ನು ದೀಕ್ಷಾಸ್ನಾನದ ದಿನ ಧರ್ಮತಂದೆಯಾಗಿ ಎತ್ತಿಕೊಂಡು ನಿಂತವನು. ಅಂದಿನಿಂದ ಇವನಿಗೆ ಅವನು ಕುಂಪಾ, ಅವನಿಗೆ ಇವನು ಕುಂಪಾ. ಕುಂಪಾಗೆ ಹೇಳಿದ್ದು ಹೇಳಿದ ಲೆಕ್ಕಕ್ಕೆ ಬರುವುದಿಲ್ಲ.

ಮಾರನೆಯ ದಿನ ಬೆಳಿಗ್ಗೆ ಒಂದು ಉಪ್ಪಿನ ಲಾರಿ ಏರು ಹತ್ತಿ ಬಂತು. ತಿರುವಿನಲ್ಲಿ ಮೂರು ಕಲ್ಲು ಕಂಡ ಡ್ರೈವರು ಬ್ರೇಕು ಹಾಕಿ, ಇಳಿದು, ನಾಲ್ಕನೆಯದನ್ನು ಇಟ್ಟ.

"ಅಣ್ಣಾ, ಅಲ್ಲಿ ಬೇಡ," ಅಂದ ನಿಕಾಸಿಯೋ, ಬೇಲಿ ಹಿಂದಿನಿಂದ.

"ಯಾಕೆ?"

ಗುಟ್ಟು ಬಿಡಲಾಗದೆ ನಿಕಾಸಿಯೋ ಬೇಲಿ ದಾಟಿ ಬಂದ. ಐದನೆಯ ಕಲ್ಲು ತಾನೇ ಇಟ್ಟ.

ಮೊದಲ ವರ್ಷ ಗುಡ್ಡೆ ಮೊಣಕಾಲಿಗೆ ಬಂತು, ಎರಡನೆಯ ವರ್ಷ ಸೊಂಟಕ್ಕೆ. ನಿಕಾಸಿಯೋಗೆ ಒಳಗೊಳಗೇ ಖುಷಿಯೇ ಆಯಿತು. ಇಂಥ ಬೀಗ ಯಾವ ಅಂಗಡಿಯಲ್ಲಿ ಸಿಗುತ್ತದೆ? ಆಗಾಗ ಒಂದು ಕಬ್ಬಿಣದ ಸರಳನ್ನು ಪಕ್ಕದಿಂದ ಇಳಿಸಿ ತಟ್ಟಿ ನೋಡುತ್ತಿದ್ದ. 'ಟಿಣ್' ಅನ್ನುತ್ತಿತ್ತು. ಗಾಜು ಇದೆ, ಎಲ್ಲ ಕ್ಷೇಮ ಅಂತ ಸರಳು ಹೆಗಲಿಗೇರಿಸಿ ಮನೆಗೆ ಬರುತ್ತಿದ್ದ.

ಎಲ್ಲರಿಗಿಂತ ಭಕ್ತಿ ಎವರಿಸ್ತೋನದ್ದು. ಬೇರೆಯವರು ಒಂದು ಕಲ್ಲಿಟ್ಟರೆ ಅವನು ಕೈಗಾಡಿ ತುಂಬ ತಂದು ಸುರಿಯುತ್ತಿದ್ದ. ಕೆಲವು ಸಲ ಗೋಡೆ ಕಟ್ಟಿಸುವವರ ಕಲ್ಲೂ ಅಲ್ಲಿಗೇ ಬರುತ್ತಿತ್ತು.

"ಏನು ಕುಂಪಾ, ಇಷ್ಟೊಂದು ಸುಸ್ತಾ ನಿಂಗೆ?" ಅಂತ ನಿಕಾಸಿಯೋ ಕೇಳಿದರೆ, "ಮನುಷ್ಯ ಅಂದ್ಮೇಲೆ ಮನಸ್ಸಿನ ಮೇಲೆ ಭಾರ ಇರತ್ತೆ ಕುಂಪಾ," ಅಂತ ಅವನು ಬೇರೆ ಕಡೆ ನೋಡುತ್ತಿದ್ದ.

ಐದನೆಯ ವರ್ಷ ಮುನಿಸಿಪಾಲಿಟಿಯ ಸಂಸ್ಕೃತಿ ವಿಭಾಗದಿಂದ ಗ್ರಿಸೆಲ್ದಾ ಎಂಬ ಮೇಡಮ್ ಕ್ಯಾಮೆರಾ ಹಿಡಿದು ಬಂದಳು. "ಇದು ಯಾರ ಕಾಲದ್ದು?" ಅಂತ ಕೇಳಿದಳು. ನಿಕಾಸಿಯೋ ಮೂರು ಕ್ಷಣ ಸುಮ್ಮನಿದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

"ನಮ್ಮ ತಾತ ಮೊದಲ ಕಲ್ಲು ಇಟ್ಟಿದ್ದು ಮೇಡಮ್. ಅವರಿಗೆ ಅವರ ತಾತ ಹೇಳಿದ್ರಂತೆ."

ಒಂದೇ ತಿಂಗಳಲ್ಲಿ ಬೋರ್ಡು ಬಂತು. 'ಪುರಾತನ ಕಲ್ಲುಗುಡ್ಡೆ. ಕಲ್ಲು ಸೇರಿಸಬಹುದು, ತೆಗೆಯಬಾರದು. ತೆಗೆದವರಿಗೆ ದಂಡ. ಕಾವಲುಗಾರ: ನಿಕಾಸಿಯೋ ಗುವಾಂತಾಯ್.' ಜೊತೆಗೆ ಒಂದು ಟೋಪಿಯೂ ಬಂತು. ಹೀಗೆ ತನ್ನ ವೈನನ್ನು ತಾನೇ ತೆಗೆಯದಂತೆ ತನ್ನನ್ನೇ ಕಾಯುವ ಕೆಲಸ ಅವನಿಗೆ ಸಿಕ್ಕಿತು. ಅವನು ಚಿಂತೆ ಮಾಡಲಿಲ್ಲ. ಮದುವೆ ದೂರವಿತ್ತು. ಯಾರ ಮನೆಯ ಹಬ್ಬದಲ್ಲಿ ಲೋಟ ಕೊಟ್ಟರೂ ಒಂದು ಗುಟುಕು ಕುಡಿದು, "ಪರವಾಗಿಲ್ಲ. ಆದ್ರೆ ನಂದು ಮಲಗಿದೆ ನೋಡಿ, ಅದು ಎದ್ದ ದಿನ ಗೊತ್ತಾಗತ್ತೆ," ಅನ್ನುತ್ತಿದ್ದ.

ಅದು ಏಳಬೇಕಾದ ದಿನ ಬಂದೇ ಬಂತು.

ದೆಲ್ಮಿರಾ ಕೆಳಗಿನ ಕಫಾಯಾತೆ ಪಟ್ಟಣದ ಒಂದು ವಸತಿಗೃಹದಲ್ಲಿ ಕೆಲಸಕ್ಕೆ ಸೇರಿ, ಅಲ್ಲಿಯ ರುಬೆನ್ ಅನ್ನುವ ಹುಡುಗನನ್ನು ಒಪ್ಪಿದಳು. ಜೂನ್ ತಿಂಗಳಲ್ಲಿ ಬೀಗರು ಮಾತುಕತೆಗೆ ಬಂದರು. ರುಬೆನ್ನನ ಅಪ್ಪ ದೋನ್ ಅಬೆಲಾರ್ದೋ ಒಂದು ವೈನು ಕಾರ್ಖಾನೆಯ ನೆಲಮಾಳಿಗೆಯಲ್ಲಿ ಮೂವತ್ತು ವರ್ಷ ಪೀಪಾಯಿಗಳ ಮಧ್ಯೆ ಬಾಳಿದವನು. ನೀರು ಕೊಟ್ಟರೂ ಲೋಟ ತಿರುಗಿಸಿ, ಬೆಳಕಿಗೆ ಹಿಡಿದು, ಮೂಗು ಇಳಿಸಿ ನೋಡುವ ಅಭ್ಯಾಸ. ಬೆನಿತಾ ಕೊಟ್ಟ ನೀರನ್ನು ಹಾಗೆ ನೋಡಿ, "ಕೊಳಾಯಿ ಪೈಪು ಕಬ್ಬಿಣದ್ದು. ಹಳೇದು. ಎರಡು ಕಡೆ ತೂತು," ಅಂದ. ನಿಜವಿತ್ತು. ಅಷ್ಟರಲ್ಲೇ ನಿಕಾಸಿಯೋಗೆ ಅವನ ಮೇಲೆ ಭಯ ಹುಟ್ಟಿತು.

ಅಬೆಲಾರ್ದೋ ಮಣ್ಣಿನ ಗೋಡೆ ನೋಡಿದ, ಮೇಕೆ ದೊಡ್ಡಿ ನೋಡಿದ, ದೊಡ್ಡ ಮನಸ್ಸಿನಿಂದ ಹೇಳಿದ: "ಬೀಗರೇ, ನೀವೇನೂ ತೊಂದ್ರೆ ತಗೋಬೇಡಿ. ಊಟ ನಾವು ನೋಡ್ಕೋತೀವಿ, ಬ್ಯಾಂಡು ನಾವು ನೋಡ್ಕೋತೀವಿ. ನೀವು ಕ್ಷೌರ ಮಾಡಿಸ್ಕೊಂಡು ಬಂದು ಕೂತ್ಕೊಂಡ್ರೆ ಸಾಕು."

ನಿಕಾಸಿಯೋನ ಕಿವಿ ಕೆಂಪಾಯಿತು. "ವೈನು ನಂದು," ಅಂದ.

"ಯಾವ ವೈನು?"

"ಹನ್ನೊಂದು ವರ್ಷ ಮಲಗಿಸಿದ್ದು. ಹನ್ನೆರಡು ಬಾಟಲಿ."

ಅಬೆಲಾರ್ದೋ ಲೋಟವನ್ನು ಮೆಲ್ಲಗೆ ಕೆಳಗಿಟ್ಟ. ಅವನ ಹೆಂಡತಿ ಗಂಟಲು ಸರಿಮಾಡಿಕೊಂಡಳು. "ನಮ್ಮಪ್ಪ ಮಾತಲ್ಲಿ ಸ್ವಲ್ಪ ಜೋರು ಅಂತ ಹುಡುಗಿ ಮೊದ್ಲೇ ಹೇಳಿದ್ಲು," ಅಂದಳು.

"ಇರ್ಲಿ ಬಿಡು," ಅಂದ ಅಬೆಲಾರ್ದೋ. "ಬೀಗರು ಹೇಳಿದ್ಮೇಲೆ ಮುಗೀತು. ಆಗಸ್ಟ್ ಎರಡಕ್ಕೆ ಮದುವೆ. ನಮ್ಮ ಕಾರ್ಖಾನೆಯಿಂದ ನಾನು ಒಂದು ಬಾಟಲೀನೂ ತರಲ್ಲ. ಮೊದಲ ಲೋಟ ನಿಮ್ಮ ವೈನಲ್ಲೇ ಎತ್ತೋದು."

ಅವರು ಹೋದ ಮೇಲೆ ದೆಲ್ಮಿರಾ ಅಪ್ಪನ ಪಕ್ಕ ಬಂದು ಕೂತಳು.

"ಅಪ್ಪಾ, ಆ ವರ್ಷ ನಾನು ಶಾಲೆಗೆ ಅಮ್ಮನ ಚಪ್ಪಲಿ ಹಾಕ್ಕೊಂಡು ಹೋದೆ. ಹುಡುಗ್ರು ನಕ್ಕರೆ, ನನ್ನ ಶೂ ಮಣ್ಣೊಳಗೆ ಬೆಳೀತಾ ಇದೆ ಅಂತಿದ್ದೆ. ನೀನು ಹೇಳಿದ ಎಷ್ಟೋ ಮಾತು ಸುಳ್ಳಾಗಿದೆ, ನಂಗೇನೂ ಬೇಜಾರಿಲ್ಲ. ಇದೊಂದು ಸುಳ್ಳಾಗೋದು ಬೇಡ."

"ಸುಳ್ಳೆಲ್ಲಿ ಬಂತು ಮಗಳೇ? ಇದೆ ಅದು. ತೆಗಿಯೋದಷ್ಟೇ ಬಾಕಿ," ಅಂದ ನಿಕಾಸಿಯೋ. ಕಿಟಕಿಯಿಂದ ಗುಡ್ಡೆ ಕಾಣುತ್ತಿತ್ತು. ಒಂದು ಟೂರಿಸ್ಟ್ ಬಸ್ಸು ನಿಂತಿತ್ತು. ನಲವತ್ತು ಜನ ನಲವತ್ತು ಕಲ್ಲು ಹಿಡಿದು ಸಾಲಾಗಿ ನಿಂತಿದ್ದರು.

ಮಧ್ಯಾಹ್ನ ಊಟವಾದ ಮೇಲೆ ಕೊರಾಲ್ ಬ್ಲಾಂಕೋದಲ್ಲಿ ಎಲ್ಲರೂ ಮಲಗುತ್ತಾರೆ. ನಾಯಿ ಮಲಗುತ್ತದೆ, ಕೋಳಿ ಮಲಗುತ್ತದೆ, ಚರ್ಚಿನ ಗಡಿಯಾರವೂ ಒಂದೂವರೆಗೆ ನಿಂತು ನಾಲ್ಕಕ್ಕೆ ಶುರುವಾಗುತ್ತದೆ. ಆ ಹೊತ್ತಿನಲ್ಲಿ ನಿಕಾಸಿಯೋ ಟೋಪಿ ತೆಗೆದಿಟ್ಟು, ಅಂದರೆ ಕಾವಲುಗಾರನನ್ನು ಮನೆಯಲ್ಲಿ ಬಿಟ್ಟು, ಕೈಗಾಡಿ ತಳ್ಳಿಕೊಂಡು ಹೋದ. ಹತ್ತೊಂಬತ್ತು ಕಲ್ಲು ತೆಗೆದು ದೊಡ್ಡಿಯ ಹಿಂದೆ ಬಚ್ಚಿಟ್ಟ. ಹೀಗೇ ದಿನಕ್ಕೆ ಹತ್ತೊಂಬತ್ತು ತೆಗೆದರೆ ಮೊಮ್ಮಗಳ ಮದುವೆಗಾದರೂ ಬಾಟಲಿ ಸಿಕ್ಕೀತು ಅಂತ ಲೆಕ್ಕ ಹಾಕಿದ.

ಸಂಜೆ ಹೊತ್ತಿಗೆ ಅವನ ಸೊಂಟ ಹಿಡಿದುಕೊಂಡಿತು. ಬಲಗಿವಿಯಲ್ಲಿ ಗುಂಯ್ ಅನ್ನುವ ಸದ್ದು. ಅದರ ಮೇಲೆ ಬಿಕ್ಕಳಿಕೆ. ಬೆನಿತಾ ಅವನನ್ನು ಕಂಬಳಿ ಸುತ್ತಿ ಬಾಗಿಲ ಮುಂದೆ ಕೂರಿಸಿದಳು. ಯೋಗಕ್ಷೇಮ ಕೇಳಲು ಮೊದಲು ಬಂದವನು ಅಂಗಡಿಯ ದೋನ್ ಸೆಫೆರಿನೋ.

"ಸೊಂಟ ಯಾವ ಕಡೆ?"

"ಎಡಗಡೆ."

"ಕೂತು ಏಳೋವಾಗ ತೊಡೆಗೆ ಇಳಿಯತ್ತಾ?"

"ಇಳಿಯತ್ತೆ."

"ಇಳಿದು ಹಿಮ್ಮಡಿ ಹತ್ರ ಬಂದು ನಿಲ್ಲತ್ತಾ?"

"ಹೌದು."

ಸೆಫೆರಿನೋ ಹುಬ್ಬು ಗಂಟಿಕ್ಕಿದ. "ಅದು ನನ್ನ ಸೊಂಟ. ಎಂಟು ವರ್ಷದ ಹಿಂದೆ ನಾನೇ ಕೈಯಾರೆ ಗುಡ್ಡೇಲಿ ಬಿಟ್ಟು ಬಂದಿದ್ದೆ. ಅದು ನಿನ್ನ ಹತ್ರ ಹೇಗೆ ಬಂತು?"

ಸುದ್ದಿ ಊರಿಗೆ ಹಬ್ಬಿತು. ಜನ ಸಾಲುಗಟ್ಟಿದರು. ಬಲಗಿವಿಯ ಗುಂಯ್ ಸದ್ದು ತನ್ನ ತೀರಿಹೋದ ಗಂಡನದು ಅಂತ ಒಬ್ಬ ವಿಧವೆ ಗುರುತಿಸಿ, ಕಿವಿಯ ಹತ್ತಿರ ಕೂತು ಸ್ವಲ್ಪ ಹೊತ್ತು ಮಾತಾಡಿಸಿದಳು. ಬಿಕ್ಕಳಿಕೆ ಬಸ್ ಕಂಡಕ್ಟರನದು; ನಡುನಡುವೆ ಒಂದು ಬಿಕ್ಕು ತಪ್ಪಿಸುತ್ತಿದ್ದ ರೀತಿಯಿಂದಲೇ ಗೊತ್ತಾಯಿತಂತೆ.

"ನನ್ನ ಸೊಸೆ ಮೇಲಿನ ಕೋಪಾನೂ ಅಲ್ಲೇ ಬಿಟ್ಟಿದ್ದೆ ಕಣಪ್ಪಾ, ಅದು ಬಂತಾ?" ಅಂತ ಇನ್ನೊಬ್ಬಳು ವಿಚಾರಿಸಿದಳು.

"ಇನ್ನೂ ಇಲ್ಲಕ್ಕಾ," ಅಂದ ನಿಕಾಸಿಯೋ, ಬಿಕ್ಕುತ್ತ.

"ಬಂದ್ರೆ ಹೇಳು. ಅದನ್ನ ವಾಪಸ್ ಬೇಕಾದ್ರೆ ತಗೋತೀನಿ. ಈಗ ಬೇಕಾಗಿದೆ."

ಅಷ್ಟರಲ್ಲಿ ಎವರಿಸ್ತೋ ಓಡಿ ಬಂದ. ದೊಡ್ಡಿಯ ಹಿಂದಿನ ಹತ್ತೊಂಬತ್ತು ಕಲ್ಲನ್ನೂ ಗುಡ್ಡೆಗೆ ಸೇರಿಸಿ, ಮೇಲೆ ತನ್ನದೊಂದು ಗಾಡಿ ಸುರಿದು, ಕಣ್ಣೊರೆಸಿಕೊಂಡು ನಿಕಾಸಿಯೋನ ಕೈ ಹಿಡಿದ. "ಕುಂಪಾ, ನಿನ್ನ ಕಾಲಿಗೆ ಬೀಳ್ತೀನಿ. ಆ ಗುಡ್ಡೆ ಸುದ್ದಿಗೆ ಹೋಗ್ಬೇಡ. ಕೆಳಗೆ ಇರೋದು ಕೆಳಗೇ ಇರ್ಲಿ."

"ಮಗಳ ಮದುವೆ ಕುಂಪಾ."

"ಅವಳು ನಂಗೂ ಮಗಳೇ. ನಾನು ಐದು ಲೀಟರ್ ಬುರುಡೆ ಕೊಡಿಸ್ತೀನಿ. ಹತ್ತು ಬುರುಡೆ ಕೊಡಿಸ್ತೀನಿ."

ಇಂಥ ಭಕ್ತನನ್ನು ತಾನು ನೋಯಿಸಿದೆನಲ್ಲ ಅಂತ ನಿಕಾಸಿಯೋಗೆ ನಾಚಿಕೆಯಾಯಿತು. ಕಲ್ಲು ವಾಪಸು ಹೋದರೂ ಸೊಂಟ, ಬಿಕ್ಕಳಿಕೆ ಮಾತ್ರ ಅವನ ಹತ್ತಿರವೇ ಉಳಿದವು.

ಎರಡು ದಿನಕ್ಕೆ ಗ್ರಿಸೆಲ್ದಾ ಮೇಡಮ್ ವರದಿ ಬರೆದುಕೊಳ್ಳಲು ಬಂದಳು. "ಕಾವಲುಗಾರರು ನೀವು. ಕಲ್ಲು ತೆಗೆದವನನ್ನ ನೋಡಿದ್ರಾ?"

"ನೋಡ್ದೆ ಮೇಡಮ್. ಎತ್ತರಕ್ಕಿದ್ದ. ದಪ್ಪ ಮೀಸೆ," ಅಂದ ಕುಳ್ಳಗೆ, ಮೀಸೆ ಇಲ್ಲದ ನಿಕಾಸಿಯೋ.

ಅವಳು ಬರೆದುಕೊಂಡು ಅವನಿಗೊಂದು ಸೀಟಿ ಕೊಟ್ಟಳು. ಎತ್ತರದ ಮೀಸೆಯವನು ಮತ್ತೆ ಬಂದರೆ ಊದಬೇಕಂತೆ. ಮುಂದಿನ ವಾರವೆಲ್ಲ ಎತ್ತರದ ಆಳಾದ ಊರಿನ ಪಾದ್ರಿಗಳು ಗುಡ್ಡೆಯ ಪಕ್ಕ ಹಾದಾಗಲೆಲ್ಲ ಊರಿನವರು ಅವರ ಮೀಸೆಯನ್ನೇ ನೋಡುತ್ತಿದ್ದರು. ಶನಿವಾರ ಪಾದ್ರಿಗಳು ಮೀಸೆ ಬೋಳಿಸಿಕೊಂಡರು.

ಜುಲೈ ಮುಗಿಯುತ್ತ ಬಂತು. ಬೇರೆ ದಾರಿ ಕಾಣದೆ ನಿಕಾಸಿಯೋ ಒಂದು ಹಿಡಿ ಕೋಕಾ ಎಲೆ, ಒಂದು ಪ್ಯಾಕೆಟ್ ಸಿಗರೇಟು ಹಿಡಿದು ದೋನ್ಯಾ ತೊಮಾಸಾಳ ಮನೆಗೆ ಹೋದ. ಎಂಬತ್ತು ದಾಟಿದ ಮುದುಕಿ. ಪ್ರತಿ ಆಗಸ್ಟ್ ಒಂದಕ್ಕೆ ಚರ್ಚಿನ ಹಿಂದೆ ನೆಲ ತೋಡಿ ಭೂಮಿತಾಯಿಯ ಬಾಯಿ ತೆರೆದು ಊರಿನ ಪರವಾಗಿ ಉಣ್ಣಿಸುವವಳು ಅವಳೇ.

"ಅಜ್ಜಿ, ಈ ವರ್ಷ ಬಾಯಿ ಗುಡ್ಡೆ ಬುಡದಲ್ಲಿ ತೆಗೆದ್ರೆ ಹೇಗೆ?"

"ಕೇಳ್ತಿರೋದು ಭೂಮ್ತಾಯೋ, ನೀನೋ?"

"ಅವಳೇ. ಕನಸಲ್ಲಿ ಬಂದಿದ್ಲು."

"ಏನು ಹೊದ್ದಿದ್ಲು?"

"ಪೊಂಚೋ ಅಜ್ಜಿ."

"ಯಾವ ಬಣ್ಣ?"

"ಕೆಂಪು. ಕರೀ ಅಂಚು."

"ಎಷ್ಟು ಬಾಟಲಿ ಅಂದ್ಲು?"

"ಹನ್ನೆರಡು," ಅಂದು ನಿಕಾಸಿಯೋ ನಾಲಿಗೆ ಕಚ್ಚಿಕೊಂಡ.

ಮುದುಕಿ ಎಲೆಯನ್ನು ಒಂದು ದವಡೆಯಿಂದ ಇನ್ನೊಂದು ದವಡೆಗೆ ಸರಿಸಿದಳು. "ನೋಡಪ್ಪಾ. ನಾನು ಹನ್ನೊಂದು ವರ್ಷದಿಂದ ಈ ಕಿಟಕೀಲಿ ಕೂತಿದೀನಿ. ಇಲ್ಲಿಂದ ತಿರುವು ಚೆನ್ನಾಗಿ ಕಾಣ್ಸತ್ತೆ. ಬೇಕಾದ್ದೂ ಕಾಣ್ಸತ್ತೆ, ಬೇಡದ್ದೂ ಕಾಣ್ಸತ್ತೆ. ತೆಗಿಯೋಣ. ಆದ್ರೆ ಒಂದು ಮಾತು. ಅವಳು ಎಷ್ಟು ಕುಡಿದಿದಾಳೋ ಅಷ್ಟು ಅವಳದ್ದು. ಜಗಳ ತೆಗೀಬಾರ್ದು."

"ಬಿರಡೆ ಹಾಕಿದೆ ಅಜ್ಜಿ. ಅವಳು ಹೇಗೆ ಕುಡೀತಾಳೆ?"

"ಅವಳಿಗೆ ದಾರಿ ಸಿಗತ್ತೆ," ಅಂದಳು ತೊಮಾಸಾ.

ಆಗಸ್ಟ್ ಒಂದರಂದು ಊರಿಗೆ ಊರೇ ಗುಡ್ಡೆಯ ಹತ್ತಿರ ಸೇರಿತು. ಎಲ್ಲರ ಎಡಗೈಗೂ ಕೆಡುಕು ತಾಗದಂತೆ ಎಡಕ್ಕೆ ಹೊಸೆದ ಕಪ್ಪುಬಿಳಿ ದಾರ. ಜೋಳದ ಅಂಬಲಿ, ಬೇಯಿಸಿದ ಮೇಕೆ ಮಾಂಸ, ಕುಂಬಳದ ಪಾಯಸ ಮಡಕೆಗಳಲ್ಲಿ ಬಂದವು. ಮಾರನೆಯ ದಿನದ ಮದುವೆಗೆ ಬಂದಿದ್ದ ಬೀಗರೂ ಮುಂದೆ ನಿಂತರು. ಗ್ರಿಸೆಲ್ದಾ ಮೇಡಮ್ ಬೋರ್ಡು ತೋರಿಸಿ ಆಕ್ಷೇಪ ಎತ್ತಿದಳು.

"ಬೋರ್ಡಲ್ಲಿ ಕಲ್ಲು ತೆಗೀಬಾರ್ದು ಅಂತಿದೆ," ಅಂದಳು ತೊಮಾಸಾ. "ನಾವು ಮಣ್ಣು ತೆಗೀತೀವಿ. ಬರ್ಕೋ."

ಅಗೆಯಲು ಊರಿನಲ್ಲಿ ಎವರಿಸ್ತೋನಷ್ಟು ಗಟ್ಟಿ ಕೈ ಬೇರೆಯಿಲ್ಲ. ಗುದ್ದಲಿ ಅವನ ಕೈಗೆ ಕೊಟ್ಟರು. ಅವನು ಬೆವರು ಒರೆಸಿಕೊಂಡು, ಗುಡ್ಡೆಗೆ ಬೆನ್ನು ತಿರುಗಿಸಿ, ರಸ್ತೆಯ ಕಡೆಗೆ ಅಗೆಯತೊಡಗಿದ.

"ಕುಂಪಾ, ಬಲಕ್ಕೆ," ಅಂದ ನಿಕಾಸಿಯೋ.

ಎವರಿಸ್ತೋ ಎಡಕ್ಕೆ ಸರಿದ.

"ಬಲಕ್ಕೆ ಕುಂಪಾ."

"ಇಲ್ಲೇ ಮಣ್ಣು ಮೆತ್ತಗಿದೆ."

"ಇನ್ನು ಸ್ವಲ್ಪ ಎಡಕ್ಕೆ ಹೋದ್ರೆ ಗಡಿ ದಾಟತ್ತೆ, ಚಿಲಿ ದೇಶದವರು ಬಂದು ಕೇಳ್ತಾರೆ," ಅಂದ ಸೆಫೆರಿನೋ.

ನಿಕಾಸಿಯೋಗೆ ತಡೆಯಲಾಗಲಿಲ್ಲ. ಗುದ್ದಲಿ ಕಸಿದುಕೊಂಡು, ಸೊಂಟದ ನ್ಯಾಯವಾದ ಒಡೆಯನ ಕಣ್ಣೆದುರಿಗೇ ಆ ಸೊಂಟ ಬಗ್ಗಿಸಿ, ಗುಡ್ಡೆಯ ಬುಡಕ್ಕೆ ಓರೆಯಾಗಿ ಅಗೆದ. ಗುಂಡಿ ಎದೆಮಟ್ಟವಾದಾಗ ಕೇಳಿಸಿತು: ಟಿಣ್.

ಊರು ಉಸಿರು ಹಿಡಿಯಿತು. ನಿಕಾಸಿಯೋ ಕೊಳೆತ ಪೆಟ್ಟಿಗೆಯ ಚೂರು ಸರಿಸಿ, ಮಣ್ಣು ಕೆದರಿ ಮೊದಲ ಬಾಟಲಿ ಎತ್ತಿದ. ಬಾಯಿಗೆ ಬಿರಡೆ, ಬಿರಡೆಯ ಮೇಲೆ ಮಣ್ಣು. ಲೇಬಲ್ಲನ್ನು ಇರುವೆಗಳು ತಿಂದಿದ್ದವು. ಕುತ್ತಿಗೆಗೆ ಅಂಟಿಸಿದ್ದ ಬೆಲೆ ಚೀಟಿಯನ್ನು ಮಾತ್ರ ಯಾಕೋ ತಿಂದಿರಲಿಲ್ಲ.

"ಹದಿನೆಂಟು ಪೆಸೋ," ಅಂತ ಗ್ರಿಸೆಲ್ದಾ ಮೇಡಮ್ ಬಗ್ಗಿ ಓದಿದಳು. "ದೋನ್ ಸೆಫೆರಿನೋ ಅಂಗಡಿ. ಇದು ನಿಮ್ಮ ತಾತನ ಕಾಲದ್ದಲ್ವಾ?"

"ನಮ್ಮ ಅಂಗಡಿ ತುಂಬಾ ಹಳೇದು ಮೇಡಮ್," ಅಂದ ಸೆಫೆರಿನೋ.

ಅಬೆಲಾರ್ದೋ ಬಾಟಲಿ ತೆಗೆದುಕೊಂಡು ಬೆಳಕಿಗೆ ಹಿಡಿದ. ಬೆಳಕು ಈಚೆಯಿಂದ ಹೊಕ್ಕು ಆಚೆಯಿಂದ ಆರಾಮಾಗಿ ಹೊರಟುಹೋಯಿತು.

"ಖಾಲಿ," ಅಂದ.

ಎರಡನೆಯದೂ ಖಾಲಿ, ಮೂರನೆಯದೂ ಖಾಲಿ. ಒಂದೊಂದು ಎತ್ತಿದಾಗಲೂ ನಿಕಾಸಿಯೋ ಗುಂಡಿಯೊಳಗೆ ಒಂದೊಂದು ಬೆರಳು ಕುಗ್ಗಿದ. ಏಳು. ಎಂಟು. ಬೀಗಿತ್ತಿ ಸೊಸೆಯಾಗುವವಳ ಕಡೆ ನೋಡಿದಳು. ದೆಲ್ಮಿರಾ ನೆಲ ನೋಡಿದಳು. ಹನ್ನೊಂದನೆಯದು ಖಾಲಿಯಾಗಿ ಬಂದಾಗ ಎವರಿಸ್ತೋ ಟೋಪಿಯಲ್ಲಿ ಮುಖ ಮುಚ್ಚಿಕೊಂಡು ಗೊಳೋ ಅಂತ ಅಳುತ್ತಿದ್ದ.

"ಬೀಗರೇ," ಅಂದ ಅಬೆಲಾರ್ದೋ, "ಹನ್ನೊಂದು ವರ್ಷ ಖಾಲಿ ಗಾಜು ಮಲಗಿಸಿದ್ರಾ?"

ನಿಕಾಸಿಯೋ ಹನ್ನೊಂದನೆಯದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಿದ.

ಆಗ ದೋನ್ಯಾ ತೊಮಾಸಾ ಕೋಲೂರಿ ಮುಂದೆ ಬಂದಳು. ಒಂದು ಬಾಟಲಿಯನ್ನು ಮೇಲೆತ್ತಿ ಎಲ್ಲರಿಗೂ ತೋರಿಸಿದಳು. "ಬಿರಡೆ ಇದೆಯಾ?"

"ಇದೆ," ಅಂದಿತು ಊರು.

"ವೈನು ಇದೆಯಾ?"

"ಇಲ್ಲ."

"ಎಂಬತ್ತು ವರ್ಷ ನೋಡ್ತಿದೀನಿ. ನಾವು ಕೊಟ್ಟಿದ್ದನ್ನ ಅವಳು ಒಂದು ಗುಟುಕು ಎರಡು ಗುಟುಕು ತಗೋತಾಳೆ. ಬಿರಡೆ ತೆಗೀದೆ ತಳ ಕಾಣೋ ತನಕ ಕುಡಿದಿದ್ದು ಇದೇ ಮೊದ್ಲು. ಅದೆಂಥಾ ವೈನು ಇರ್ಬೇಕು, ನೀವೇ ಹೇಳಿ."

ಮೊದಲು ಸೆಫೆರಿನೋ ಟೋಪಿ ತೆಗೆದ. ಆಮೇಲೆ ಇಡೀ ಊರು ತೆಗೆಯಿತು. ಬಸ್ಸಿನಿಂದ ಆಗತಾನೇ ಇಳಿದವರು ವಿಷಯ ಗೊತ್ತಿಲ್ಲದೆ ತೆಗೆದರು. ಗ್ರಿಸೆಲ್ದಾ ಮೇಡಮ್ ಬರೆದುಕೊಳ್ಳುವುದನ್ನು ನಿಲ್ಲಿಸಿ ಶಿಲುಬೆ ಗುರುತು ಮಾಡಿಕೊಂಡಳು. ಮೂವತ್ತು ವರ್ಷದ ಅನುಭವಿ ಅಬೆಲಾರ್ದೋ ಬಾಟಲಿ ನೋಡಿದ, ಗುಡ್ಡೆ ನೋಡಿದ, ಕೊನೆಗೆ ಅವನ ಕೈಯೂ ಟೋಪಿಗೆ ಹೋಯಿತು.

"ಇನ್ನೂ ಒಂದಿದೆ," ಅಂದ ಗುಂಡಿಯೊಳಗಿಂದ ನಿಕಾಸಿಯೋ.

ಹನ್ನೆರಡನೆಯದು ಕೈಗೆ ಭಾರವಾಗಿ ಬಂತು. ಅಲ್ಲಾಡಿಸಿದರೆ ಒಳಗೆ ಗುಳಕ್ ಅಂದಿತು.

"ತಾನು ಕುಡಿದು ಮಕ್ಕಳಿಗೆ ಉಳ್ಸಿದಾಳೆ," ಅಂದಳು ತೊಮಾಸಾ. "ನಾವು ಮಾಡೋ ಹಾಗೇನೆ."

ಮಾರನೆಯ ದಿನ ಎಂಬತ್ತು ಜನರ ಮದುವೆಗೆ ಒಂದು ಬಾಟಲಿ. ಔಷಧಿಯಂತೆ ಚಮಚದಲ್ಲಿ ಹಂಚಬೇಕಾಯಿತು. ಮೊದಲ ಲೋಟ ಮಾತ್ರ ಅಬೆಲಾರ್ದೋಗೆ ಅರ್ಧ ತುಂಬಿಸಿದರು. ಅವನು ಎದ್ದು ನಿಂತು ತಿರುಗಿಸಿದ, ಬೆಳಕಿಗೆ ಹಿಡಿದ, ಮೂಗು ಇಳಿಸಿದ. ಮೂಗು ಲೋಟದಲ್ಲೇ ಉಳಿಯಿತು. ಬ್ಯಾಂಡಿನವರು ಊದುವುದನ್ನು ನಿಲ್ಲಿಸಿದರು. ನಿಕಾಸಿಯೋನ ಬಿಕ್ಕಳಿಕೆಯೂ ನಿಂತಿತು. ಅಬೆಲಾರ್ದೋ ಒಂದು ಗುಟುಕು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದ. ಎಷ್ಟು ಹೊತ್ತು ಮುಚ್ಚಿದ್ದನೆಂದರೆ, ಪಾದ್ರಿಗಳು ಎದ್ದು ಹತ್ತಿರ ಬಂದರು.

ಕಣ್ಣು ತೆರೆದಾಗ ಅದರಲ್ಲಿ ನೀರಿತ್ತು.

"ಇದು ನಮ್ಮ ಕಾರ್ಖಾನೇದು," ಅಂದ. "ಎಲ್ಲಕ್ಕಿಂತ ಕಮ್ಮಿ ಬೆಲೇದು. ಆ ವರ್ಷ ಮೂರೂ ದ್ರಾಕ್ಷಿ ಬೆರೆಸಿದ್ದು ನಾನೇ. ಧಣಿಗಳು ರುಚಿ ನೋಡಿ, ಇದು ಕಿರಾಣಿ ಅಂಗಡಿಗೆ ಹೋಗ್ಲಿ ಅಂದಿದ್ರು. ಸ್ವಲ್ಪ ಕಾಯಿರಿ ಅಂತ ಹೇಳೋಕೆ ನಂಗೆ ಧೈರ್ಯ ಬರಲಿಲ್ಲ." ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಕಾಸಿಯೋ ಕಡೆ ತಿರುಗಿದ. "ಈ ಭೂಮಿ ಮೇಲೆ ನನ್ನ ಕೆಲಸಕ್ಕೆ ಕಾದವರು ನೀವೊಬ್ಬರೇ ಬೀಗರೇ."

ದೆಲ್ಮಿರಾ ಬಿಳಿ ಉಡುಪಿನ ಅಂಚು ಎತ್ತಿ, ತನ್ನ ಹೊಸ ಶೂವನ್ನು ಅಪ್ಪನಿಗೆ ತೋರಿಸಿದಳು. ನಿಕಾಸಿಯೋ ಮೂಗು ಒರೆಸಿಕೊಂಡ. ಬೆನಿತಾ ಮಾತ್ರ, "ಈಗಾದ್ರೂ ಬಂತಲ್ಲ," ಅಂದಳು.

ಆ ಮೇಲೆ ಗುಡ್ಡೆಗೆ ಎರಡನೆಯ ಬೋರ್ಡು ಬಂತು: 'ಇಲ್ಲಿ ಭೂಮಿತಾಯಿ ಸೇವಿಸುತ್ತಾಳೆ.' ದೂರದೂರದಿಂದ ಜನ ಬಾಟಲಿ ತಂದು ಸುತ್ತ ಹೂಳತೊಡಗಿದರು. ಕೆಲಸ ಹೆಚ್ಚಾಯಿತು ಅಂತ ಒಬ್ಬ ಸಹಾಯಕ ಕಾವಲುಗಾರ ಬೇಕಾಯಿತು. ಎವರಿಸ್ತೋ ಅರ್ಜಿ ಹಾಕಿದ.

ಆ ವಾರವೇ ಬೆನಿತಾ, ಟೊಮೇಟೊ ಗೊಜ್ಜು ತುಂಬಿಡಲು ಆ ಹನ್ನೊಂದು ಬಾಟಲಿ ತೊಳೆದುಕೊಡು ಅಂತ ಗಂಡನಿಗೆ ಹೇಳಿದಳು. ನಿಕಾಸಿಯೋ ತೊಳೆಯುತ್ತ ಕೂತ. ಮಣ್ಣು ಹೋದ ಮೇಲೆ ಬಿರಡೆಗಳನ್ನು ನೋಡಿದ. ವೈನಿನ ಕೆಂಪು ಕಲೆ ಇರುವ ತುದಿ ಒಳಗಿರಬೇಕು. ಹನ್ನೊಂದರಲ್ಲೂ ಅದು ಹೊರಗಿತ್ತು. ಭೂಮಿತಾಯಿ ಕುಡಿದು ಮುಗಿಸಿ ಬಿರಡೆಯನ್ನು ತಿರುಗಾಮುರುಗಾ ಹಾಕಿದ್ದಳು.

ಅವನು ಎದ್ದು ಗುಡ್ಡೆಯ ಹತ್ತಿರ ಹೋದ. ಎವರಿಸ್ತೋ ಹೊಸ ಟೋಪಿ ಹಾಕಿಕೊಂಡು ಕೂತಿದ್ದ. ನಿಕಾಸಿಯೋ ಒಂದು ಬಿರಡೆಯನ್ನು ಅವನ ಅಂಗೈಯಲ್ಲಿಟ್ಟು ಪಕ್ಕದಲ್ಲಿ ಕೂತ.

"ಯಾವಾಗ?" ಅಂದ ನಿಕಾಸಿಯೋ.

"ಮೊದಲ ವರ್ಷಾನೇ. ಕಾರ್ನಿವಾಲ್ ಹಬ್ಬದ ಹೊತ್ತಿಗೆ ಮಳೆಗೆ ರಸ್ತೆ ಕಿತ್ತೋಗಿ ಅಂಗಡಿಗೆ ಏನೂ ಬಂದಿರ್ಲಿಲ್ಲ, ನೆನಪಿದೆಯಾ? ಒಂದೇ ಒಂದು ಅಂತ ತೆಗೆದೆ ಕುಂಪಾ. ಆಮೇಲೆ ಅದಕ್ಕೆ ಜೊತೆ ಬೇಕಾಯ್ತು. ಹನ್ನೆರಡನೇದು ಕೈಗೆ ತಗೊಂಡೆ, ಮಗು ಮುಖ ಕಣ್ಣೆದುರಿಗೆ ಬಂತು. ಆಗ್ಲಿಲ್ಲ. ನಿನ್ನ ಸರಳಿಗೆ ಸದ್ದು ಬರ್ಲಿ ಅಂತ ಖಾಲಿಯವನ್ನ ಮತ್ತೆ ಜೋಡಿಸಿಟ್ಟೆ. ಅವತ್ತಿಂದ ಕಲ್ಲು ಹೊರ್ತಾ ಇದೀನಿ."

ಒಂದು ಲಾರಿ ಬಂದು ನಿಂತಿತು. ಡ್ರೈವರು ಇಳಿದು ಕಲ್ಲಿಟ್ಟು, ಇಬ್ಬರು ಕಾವಲುಗಾರರಿಗೂ ನಮಸ್ಕರಿಸಿ ಹೋದ. ನಿಕಾಸಿಯೋ ಬಗ್ಗಿ ಕಾಲ ಬಳಿಯಿದ್ದ ಒಂದು ಕಲ್ಲು ಎತ್ತಿಕೊಂಡ. ಒಳ್ಳೆ ಗುಂಡು ಕಲ್ಲು, ಕೈತುಂಬ ಬರುವಂಥದ್ದು.

"ಒಂದು ಕೇಳ್ತೀನಿ. ನಿಜ ಹೇಳು. ಹೇಗಿತ್ತು?"

ಎವರಿಸ್ತೋ ನೆನಪು ಮಾಡಿಕೊಂಡು ಮುಖ ಹಿಂಡಿದ.

"ಒಗರು ಕುಂಪಾ. ಹನ್ನೊಂದೂ ಒಗರು. ಇನ್ನೂ ಒಂದು ಹತ್ತು ವರ್ಷ ಇಡಬೇಕಾಗಿತ್ತು."

ಕೈಯಲ್ಲಿದ್ದ ಕಲ್ಲನ್ನು ಗುಡ್ಡೆಯ ಮೇಲೆ ಹಾಕಬೇಕೋ, ಕುಂಪಾನ ಹೊಸ ಟೋಪಿಯ ಮೇಲೋ ಅಂತ ನಿಕಾಸಿಯೋ ತುಂಬ ಹೊತ್ತು ಯೋಚಿಸಿದ.